ಧಾರೆಯ ರವಿಕೆ ಮತ್ತು ಗುಳಿಗೆ

ಸುಲೋಚನಕ್ಕನ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡತೊಡಗಿದಾಗ ಅವಳು ದಿನದಿನಕ್ಕೂ ಸೊರಗಿದಳು. ತನ್ನ ಧಾರೆಗೆ ತೊಟ್ಟಿದ್ದ ರೇಷ್ಮೆ ರವಿಕೆ ಮತ್ತೆ ಮೈಗೆ ಹಿಡಿಸಿತು. ಡಾಕ್ಟರು ಗುಳಿಗೆ ಕೊಟ್ಟರು. ಎದೆಬಡಿತ ತಗ್ಗಿತು, ತೂಕ ಏರಿತು, ರವಿಕೆಯ ಹುಕ್ಕುಗಳು ಕೂಡದಾದವು.

ಕಪಾಟಿನಲ್ಲಿದ್ದ ರವಿಕೆ ಪಕ್ಕದ ಗುಳಿಗೆಯನ್ನು ಹೀಯಾಳಿಸಿತು: "ನೀನು ಬಂದೆ, ಇವಳು ಊದಿದಳು. ನನ್ನನ್ನು ತೊಟ್ಟಾಗ ಓಣಿಯ ಹೆಂಗಸರೆಲ್ಲ, 'ಏನಕ್ಕಾ, ಮದುಮಗಳ ಹಾಗೆ ಕಾಣ್ತೀಯಲ್ಲ!' ಎನ್ನುತ್ತಿದ್ದರು. ನಿನ್ನಿಂದ ಅವಳಿಗೆ ಯಾವ ಹೊಗಳಿಕೆ ಬಂತು?"

"ಹೊಗಳಿಸುವುದು ನನ್ನ ಕೆಲಸವಲ್ಲ," ಎಂದಿತು ಗುಳಿಗೆ. "ರೋಗ ತಿಂದ ಮೈಯನ್ನು ಅವಳಿಗೆ ಹಿಂತಿರುಗಿಸಿದ್ದೇನೆ. ದರ್ಜಿ ನಿನ್ನ ಪಕ್ಕೆಯೊಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದಾನೆ. ಹೊಲಿಗೆ ಬಿಚ್ಚಿಸಿಕೊಂಡು ಅಗಲವಾಗು."

"ನಿನ್ನಂಥ ಗುಳಿಗೆಗಾಗಿ ನಾನು ಬಿಚ್ಚಿಕೊಳ್ಳಬೇಕೇ? ಅವಳೇ ಕರಗಲಿ!"

ಸುಲೋಚನಕ್ಕನಿಗೂ ಹಾಗೆಯೇ ಅನ್ನಿಸಿತು. ಮಗಳ ಮದುವೆಗೆ ಎರಡು ತಿಂಗಳಿತ್ತು. ಯಾರಿಗೂ ಹೇಳದೆ ಗುಳಿಗೆ ಬಿಟ್ಟಳು. ಕೈ ನಡುಗತೊಡಗಿತು, ನಿದ್ದೆ ದೂರವಾಯಿತು, ಆದರೆ ಹುಕ್ಕುಗಳು ಕೂಡಿದವು. ಮಂಟಪದಲ್ಲಿ ಎಲ್ಲರೂ ಹೊಗಳಿದರು.

ಮಗಳ ಕೈಮೇಲೆ ಧಾರೆಯ ನೀರೆರೆಯುತ್ತಿದ್ದಾಗ ಅವಳ ಎದೆ ಅಡ್ಡಾದಿಡ್ಡಿ ಬಡಿದುಕೊಂಡಿತು. ಗಿಂಡಿ ಹಿಡಿದಂತೆಯೇ ಕುಸಿದಳು.

ಆಸ್ಪತ್ರೆಯಲ್ಲಿ ಎದೆಯನ್ನು ಒತ್ತಲೆಂದು ನರ್ಸು ರವಿಕೆಗೆ ಕತ್ತರಿ ಹಾಕಿದಳು.

"ಬೇಡ, ನಾನು ಮೈಗೆ ಸರಿಯಾಗಿಯೇ ಹಿಡಿಸುತ್ತಿದ್ದೇನೆ!" ಎಂದು ರವಿಕೆ ಕೂಗಿತು.

ಅದರ ಕೆಳಗಿನ ಎದೆ ಅಷ್ಟರಲ್ಲಿ ನಿಂತಿತ್ತು.