ಬಾಕಿ ಉಳಿದ ಸಹಿ

"ಕೇಳಿರಪ್ಪಾ ಕೇಳಿ. ಕಂಚುಗಾರರ ಬೀದಿಯ ಮಾಳಿಗೆಮನೆಯಲ್ಲಿ ರಾಕ್ಷಸ ಸೇರಿಕೊಂಡಿದ್ದಾನೆ. ಅವನು ಕೇಳುವ ಮೂರು ಒಗಟು ಬಿಡಿಸಿದವರಿಗೆ ಮಹಾರಾಜರು ಆ ಮನೆಯನ್ನು ಮುದ್ರೆಯೊತ್ತಿ ಬರೆದುಕೊಡುತ್ತಾರೆ. ತಪ್ಪು ಹೇಳಿದವರು ರಾಕ್ಷಸನ ಪಾಲು. ಆಮೇಲೆ ಅವರ ಕಡೆಯವರು ಅರಮನೆಗೆ ದೂರು ತರಕೂಡದು."

ಹೀಗೆಂದು ಡಂಗುರ ಸಾರುತ್ತಿದ್ದಾಗ ಚಾಪೆ ನೇಯುವ ಬೊಮ್ಮಲಿಂಗ ಗಂಟುಮೂಟೆ ಹೊತ್ತು ಬೀದಿಯಲ್ಲಿ ನಿಂತಿದ್ದ. ಪಕ್ಕದಲ್ಲಿ ತುಂಬುಬಸುರಿ ಹೆಂಡತಿ ಹೊನ್ನಾಜಿ. ಬಾಡಿಗೆಮನೆಯ ಒಡತಿ ಆವತ್ತು ಬೆಳಿಗ್ಗೆ, "ನಮ್ಮನೇಲಿ ಹೆರಿಗೆ ಆಗೋದು ಬೇಡ ಕಣಪ್ಪಾ, ನಮಗೆ ಆಗಿಬರಲ್ಲ" ಎಂದು ಇಬ್ಬರನ್ನೂ ಹೊರಗೆ ಕಳಿಸಿದ್ದಳು. ಅದಕ್ಕೆ ಮುಂಚಿನ ಮನೆಯವರೂ ಹೊಟ್ಟೆ ಕಾಣಿಸಿಕೊಂಡ ಕೂಡಲೇ ಅದನ್ನೇ ಹೇಳಿದ್ದರು. ಆ ಊರಿನಲ್ಲಿ ಹುಟ್ಟುವುದಕ್ಕೂ ಸಾಯುವುದಕ್ಕೂ ಸ್ವಂತ ಮನೆಯೇ ಬೇಕು. ಬಾಡಿಗೆಯವರಿಗೆ ನಡುವಿನ ದಿನಗಳು ಮಾತ್ರ.

"ಸೊಂಟ ಹಿಡ್ಕೊಂಡಿದೆ. ಎಲ್ಲಾದ್ರೂ ಕೂರಬೇಕು" ಅಂದಳು ಹೊನ್ನಾಜಿ.

ಬೊಮ್ಮಲಿಂಗ ಅವಳನ್ನು ರಾಕ್ಷಸನ ಮನೆಯ ಜಗಲಿಗೇ ಕರೆದುಕೊಂಡು ಹೋದ. ಒಗಟು ಬಿಡಿಸುವ ಯೋಚನೆ ಅವನ ತಲೆಯಲ್ಲಿ ಇರಲಿಲ್ಲ. ಎದ್ದೇಳಿ ಎನ್ನುವವರಿಲ್ಲದ ಜಗಲಿ ಊರಲ್ಲಿ ಅದೊಂದೇ ಉಳಿದಿತ್ತು.

ಸ್ವಲ್ಪ ಹೊತ್ತಿಗೆ ಆಸ್ಥಾನದ ಪಂಡಿತರು ಶಾಲು ಸರಿಮಾಡಿಕೊಳ್ಳುತ್ತ ಒಳಗೆ ಹೋದರು. ತೆರೆದ ಬಾಗಿಲಿನಿಂದ ರಾಕ್ಷಸನ ದನಿ ಕೇಳಿಸಿತು. "ಮನೆ ಯಾರದೋ ಅವನು ಅದರಲ್ಲಿ ವಾಸ ಮಾಡುವ ಹಾಗಿಲ್ಲ. ವಾಸ ಮಾಡುವವನದು ಆ ಮನೆಯಲ್ಲ. ಆದರೂ ಅವನು ಬಾಡಿಗೆ ಕೊಡುವುದಿಲ್ಲ. ಅದು ಯಾವ ಮನೆ?"

"ಇಷ್ಟೇನೇ? ಆ ಮನೆ ಈ ದೇಹ. ವಾಸ ಮಾಡುವವನು ಆತ್ಮ" ಎಂದರು ಪಂಡಿತರು. ಆಮೇಲೆ ಶಾಲೊಂದೇ ಹೊರಗೆ ಬಂದು ಬಿತ್ತು.

ಮಧ್ಯಾಹ್ನ ಊರಿನ ಸಾಹುಕಾರ ಬಂದ. ಅರ್ಧ ಊರಿನ ಮನೆಗಳು ಅವನ ಹತ್ತಿರ ಅಡವಿದ್ದವು. "ಭೋಗ್ಯದ ಮನೆ ಕಣಯ್ಯಾ. ಸಾಲ ಕೊಟ್ಟವನು ಬಡ್ಡಿ ಬದಲು ಅಲ್ಲೇ ವಾಸ ಇರ್ತಾನೆ" ಎಂದು ಥಟ್ಟನೆ ಹೇಳಿದ. ರಾಕ್ಷಸ ಎರಡನೆಯದನ್ನು ಕೇಳಿದ. "ಮನೆಯ ಗುರುತು ಹೇಳುವವು ನಾಲ್ಕು. ನಾಲ್ಕೂ ಹೊರಗೇ ನಿಂತಿವೆ, ಒಂದೂ ಮನೆಗೆ ಸೇರಿದ್ದಲ್ಲ. ಒಂದು ಸುಳ್ಳಾದರೂ ಮನೆ ಕೈತಪ್ಪುತ್ತದೆ."

"ಪತ್ರಕ್ಕೆ ಸಹಿ ಹಾಕೋ ಸಾಕ್ಷಿಗಳು" ಅಂದ ಸಾಹುಕಾರ.

"ಸಾಕ್ಷಿಗಳು ಸತ್ತರೂ ಮನೆ ಇರುತ್ತೆ" ಅಂದ ರಾಕ್ಷಸ. ಆಮೇಲೆ ಸಾಹುಕಾರ ಇರಲಿಲ್ಲ.

ಹೊತ್ತು ಇಳಿಯುವಾಗ ಹೊನ್ನಾಜಿ ಗಂಡನ ತೋಳನ್ನು ಬಿಗಿಯಾಗಿ ಹಿಡಿದಳು. "ನೋವು ಶುರುವಾಯ್ತು." ಎದುರುಮನೆಯ ಬಾಗಿಲು ತಟ್ಟಿದರೆ ಅಗುಳಿ ಹಾಕಿಕೊಂಡರು. ಪಕ್ಕದವರು ಕಿಟಕಿಯನ್ನೂ ಮುಚ್ಚಿದರು. ತೆರೆದಿದ್ದ ಬಾಗಿಲು ಒಂದೇ. ಬೊಮ್ಮಲಿಂಗ ಅದರೊಳಗೆ ಹೋದ.

ಮೊದಲ ಒಗಟಿಗೆ ಸಾಹುಕಾರ ಹೇಳಿದ್ದನ್ನೇ ಹೇಳಿದ. ಇನ್ನೇನು ಮಾಡಿಯಾನು, ಪಾಪ. ಎರಡನೆಯದಕ್ಕೆ ತಡವರಿಸಿದ. ಮನೆ ಹುಡುಕಿ ಅಲೆದ ದಿನಗಳೆಲ್ಲ ನೆನಪಾದವು. ಎಲ್ಲಿ ಕೇಳಿದರೂ ಜನ ದಾರಿ ತೋರಿಸುತ್ತಿದ್ದುದು ಒಂದೇ ರೀತಿ. "ಮೂಡಲಿಗೆ ಬಾವಿ, ಪಡುವಲಿಗೆ ಕಮ್ಮಾರನ ಕುಲುಮೆ, ಬಡಗಲಿಗೆ ಓಣಿ, ತೆಂಕಲಿಗೆ ಬೇರೆಯವರ ಗೋಡೆ. ಮಧ್ಯದಲ್ಲಿರೋದೇ ಮನೆ" ಎಂದು ಮೆಲ್ಲಗೆ ಹೇಳಿದ.

"ಚಕ್ಕುಬಂದಿ, ನಾಲ್ಕು ದಿಕ್ಕಿನ ಎಲ್ಲೆ" ಎಂದು ರಾಕ್ಷಸ ತಲೆದೂಗಿದ. "ಸರಿ. ಇನ್ನೊಂದು. ಮನೆ ಮಾರುವಾಗ ಮನೆಮಂದಿಯೆಲ್ಲ ಸಹಿ ಹಾಕಿದರು. ಆದರೂ ಒಬ್ಬ ಬಾಕಿ ಉಳಿದ. ಅವನು ಅಲ್ಲೇ ಇದ್ದ, ಯಾರಿಗೂ ಕಾಣಲಿಲ್ಲ. ಅವನಿಗೆ ಹೆಸರಿಲ್ಲ, ಪಾಲು ಮಾತ್ರ ಇದೆ. ಯಾರು?"

ಹೊರಗೆ ಹೊನ್ನಾಜಿ ನರಳುತ್ತಿದ್ದಳು. ಬೊಮ್ಮಲಿಂಗ ಮಂಡಿಯೂರಿ ಕುಳಿತುಬಿಟ್ಟ.

"ನಂಗೊತ್ತಿಲ್ಲ ಸ್ವಾಮಿ. ನನ್ನನ್ನ ತಿನ್ನಿ, ಬೇಡ ಅನ್ನಲ್ಲ. ಆದ್ರೆ ಅವಳ ಹೊಟ್ಟೇಲಿ ಕೂಸಿದೆ. ಈ ಮನೇಲಿ ಆ ಕೂಸಿಗೊಂದು ಪಾಲು ಬಿಟ್ಟುಕೊಡಿ. ಒಂದು ಮೂಲೆಯಾದರೂ ಸಾಕು."

ರಾಕ್ಷಸ ಎದ್ದು ದಾರಿ ಬಿಟ್ಟು, "ಆ ಕೂಸೇ ಉತ್ತರ. ಅವಳನ್ನ ಒಳಗೆ ಕರ್ಕೊಂಡು ಬಾ" ಎಂದ.

ಹೊನ್ನಾಜಿ ನಡುಮನೆಯಲ್ಲಿ ಹೆಣ್ಣುಕೂಸು ಹೆತ್ತಳು. ಬಿಸಿನೀರು ಕಾಯಿಸಿಕೊಟ್ಟವನು ರಾಕ್ಷಸ. ಒಲೆ ಊದುತ್ತಲೇ ಅವನು ತನ್ನ ಕತೆ ಹೇಳಿದ.

"ನಾನೂ ನಿನ್ನ ಹಾಗೇ ಒಂದು ಮನೆಗೆ ಆಸೆಪಟ್ಟವನಪ್ಪ. ಮೊದಲನೇದು ಭೋಗ್ಯದಲ್ಲಿತ್ತು, ಒಳಗಿದ್ದವನೇ ಒಡೆಯ ಅಂದ್ಕೊಂಡು ಮೋಸಹೋದೆ. ಎರಡನೇದರ ಚಕ್ಕುಬಂದಿ ಸರಿಯಾಗಿ ನೋಡಲಿಲ್ಲ, ಪಕ್ಕದ ಪಾಳುಗೋಡೆ ನನ್ನ ಪಾಲಿಗೆ ಬಂತು. ಮೂರನೇದು ಈ ಮನೆ. ಅಜ್ಜ, ಮಕ್ಕಳು, ಮೊಮ್ಮಕ್ಕಳು ಎಲ್ಲರನ್ನೂ ಕೇಳಿದೆ, ಎಲ್ಲರೂ ಸಹಿ ಹಾಕಿದರು. ಸೊಸೆ ಬಸುರಿ ಅನ್ನೋದನ್ನ ಮಾತ್ರ ಕೇಳಲಿಲ್ಲ. ಆ ಕೂಸು ದೊಡ್ಡದಾಗಿ ಬಂದು ತನ್ನ ಪಾಲು ಕೇಳ್ತು. ನ್ಯಾಯ ಅವನ ಕಡೆಗಿತ್ತು, ಮನೆ ಅವನದಾಯ್ತು. ಈ ಹೊಸಲ ಮೇಲೆ ಕೂತವನು ನಾನು ಏಳಲೇ ಇಲ್ಲ, ಹೀಗೆ ರಾಕ್ಷಸನಾಗಿ ಇಲ್ಲೇ ಉಳಿದೆ."

"ಆ ಹುಡುಗ ನಾಳೆ ಬಂದು ಕೇಳಿದ್ರೆ?" ಎಂದು ಹೊನ್ನಾಜಿ ಮಲಗಿದ್ದಲ್ಲಿಂದಲೇ ಕೇಳಿದಳು. ಅಂಥ ನೋವಿನಲ್ಲೂ ಅವಳಿಗೆ ಅದು ಹೊಳೆದಿತ್ತು.

"ಅವನು ಅರಮನೆಗೆ ಮಾರಿ ದೇಶಾಂತರ ಹೋದ. ಆ ಸಲ ಸಹಿ ಎಲ್ಲ ಸರಿಯಾಗಿತ್ತು. ಮಾಳಿಗೆ ಮೇಲಿಂದ ಬಗ್ಗಿ ನಾನೇ ನೋಡಿದೀನಿ."

ಅರಮನೆಯ ಕರಣಿಕ ಪತ್ರ ತಂದಾಗ ಬೊಮ್ಮಲಿಂಗ ಮೊದಲು ಕೂಸಿನ ಹೆಬ್ಬೆಟ್ಟು ಒತ್ತಿಸಿ, ಆಮೇಲೆ ತನ್ನದನ್ನು ಒತ್ತಿದ. ರಾಕ್ಷಸ ತನ್ನ ಹರಕು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದ. ಇಳಿದವನು ಅಲ್ಲೇ ನಿಂತ. ಆ ಕಡೆ ನೋಡಿದ, ಈ ಕಡೆ ನೋಡಿದ. ಅವನಿಗೂ ಹೋಗಲು ಎಲ್ಲಿಯೂ ಜಾಗವಿರಲಿಲ್ಲ.

ಬೊಮ್ಮಲಿಂಗ ಹೊಸ ಚಾಪೆಯೊಂದನ್ನು ತಂದು ಜಗಲಿಯ ಮೇಲೆ ಹಾಸಿದ.

"ಇಲ್ಲಿ ಕೂತ್ಕೊಳ್ಳಿ. ಎದ್ದೇಳಿ ಅಂತ ಯಾರೂ ಅನ್ನಲ್ಲ" ಅಂದ.

ಆ ಜಗಲಿಯಿಂದ ಇವತ್ತಿಗೂ ಯಾರನ್ನೂ ಎಬ್ಬಿಸುವುದಿಲ್ಲವಂತೆ.