ಮಾಸದ ಕೆಂಪಿನ ಗುಟ್ಟು

“ಗುರುಗಳೇ, ಮುಚ್ಚಿಟ್ಟ ಮಾತನ್ನು ಗುಟ್ಟು ಅನ್ನುತ್ತೇವೆ. ಕಸುಬಿನ ಕೈಚಳಕವನ್ನೂ ಗುಟ್ಟು ಅನ್ನುತ್ತೇವೆ. ಮನೆತನದ ಮಾನಕ್ಕೂ ಅದೇ ಮಾತು. ಒಂದೇ ಪದಕ್ಕೆ ಇಷ್ಟು ಅರ್ಥ ಏಕೆ?” ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಅವನು ಕೆಂಪು ಹಾಕಿದ ಸೀರೆ ಹರಿದರೂ ಮಾಸುತ್ತಿರಲಿಲ್ಲ. ಆ ಬಣ್ಣ ಕಾಯಿಸುವ ದಿನ ಅವನು ಬಾಗಿಲಿಗೆ ಅಗಳಿ ಹಾಕಿಕೊಳ್ಳುತ್ತಿದ್ದ. ಹೊಳೆಯಾಚೆ ಇನ್ನೊಬ್ಬ ಬಣ್ಣಗಾರನಿದ್ದ. ಅವನ ಕೆಂಪು ನಾಲ್ಕು ಸಲ ಒಗೆಯುವುದರಲ್ಲಿ ಬಿಳಚಿಕೊಳ್ಳುತ್ತಿತ್ತು. ಅವನ ಗಿರಾಕಿಗಳು ಒಬ್ಬೊಬ್ಬರಾಗಿ ಹೊಳೆ ದಾಟಿ ಈಚೆಗೆ ಬಂದರು. ಅಷ್ಟರಲ್ಲಿ ಆಚೆಯವನ ಮಗಳನ್ನು ಈಚೆಯವನ ಮಗ ಮೆಚ್ಚಿದ, ಅವಳೂ ಒಪ್ಪಿದಳು. ಅಪ್ಪ ಸಂತೋಷದಿಂದಲೇ ಮದುವೆ ಮಾಡಿಕೊಟ್ಟ. ಕಳಿಸಿಕೊಡುವಾಗ ಮಾತ್ರ ಅವಳ ಕಿವಿಯಲ್ಲಿ, “ಗುಟ್ಟು ತಿಳಿದುಕೊಂಡು ಬಾ, ಮಗಳೇ” ಎಂದ.

ಹುಡುಗಿ ಅಳುಕುತ್ತಲೇ ಹೊಸಿಲು ದಾಟಿದಳು. ಎಷ್ಟು ದಿನ ಕದ್ದು ನೋಡಬೇಕೋ, ಸಿಕ್ಕಿಬಿದ್ದರೆ ಗಂಡನಿಗೆ ಹೇಗೆ ಮುಖ ತೋರಿಸುವುದೋ ಎಂದು ಯೋಚಿಸುತ್ತಿದ್ದಳು. ಮರುದಿನ ಬೆಳಿಗ್ಗೆಯೇ ಮಾವ ಅವಳನ್ನು ಒಲೆಯ ಮುಂದೆ ಕೂರಿಸಿಕೊಂಡ. ಯಾವ ಬೇರು, ಎಷ್ಟು ಕುದಿ, ಬಟ್ಟೆ ಯಾವಾಗ ಅದ್ದಬೇಕು, ಎಲ್ಲವನ್ನೂ ಅವಳ ಕೈಯಿಂದಲೇ ಮಾಡಿಸಿದ. ಯಾರಿಗೂ ಹೇಳಬೇಡ ಎಂದು ಒಂದು ಸಲವೂ ಅನ್ನಲಿಲ್ಲ.

ಮೊದಲ ಹಬ್ಬಕ್ಕೆ ಅವಳು ತವರಿಗೆ ಬಂದಳು. ಕಾಲು ತೊಳೆಯಲೂ ಬಿಡದೆ ಅಪ್ಪ ಕೇಳಿದ:

“ಗೊತ್ತಾಯಿತೇ?”

“ಎಲ್ಲ ಗೊತ್ತಾಯಿತಪ್ಪಾ. ಆದರೆ ಹೇಳಲಾರೆ.”

“ಆಣೆ ಹಾಕಿಸಿಕೊಂಡರೇ?”

“ಹಾಕಿಸಿಕೊಂಡಿದ್ದರೆ ನಿನಗಾಗಿ ಮುರಿಯುತ್ತಿದ್ದೆನೋ ಏನೋ. ಅವರು ಆಣೆ ಕೇಳಲೇ ಇಲ್ಲ.”

ಅಪ್ಪನಿಗೆ ಮೊದಲು ಸಿಟ್ಟು ಬಂತು. ಮಗಳ ಮುಖ ನೋಡಿದ. ಎಂಥ ಹುಡುಗಿಯನ್ನು ಬೆಳೆಸಿದೆ ಎಂದು ಎದೆಯುಬ್ಬಿ ನಕ್ಕುಬಿಟ್ಟ. ನಗುತ್ತಲೇ ಹೊಳೆ ದಾಟಿ, “ಬೀಗರೇ, ನಿಮ್ಮ ಗುಟ್ಟು ತರಲು ಮಗಳಿಗೆ ಹೇಳಿ ಕಳಿಸಿದ್ದೆ. ಸೋತುಬಿಟ್ಟೆ” ಎಂದ.

“ನಾನಾದರೂ ಹಾಗೇ ಮಾಡುತ್ತಿದ್ದೆ, ಬೀಗರೇ. ಬನ್ನಿ, ಹಂಡೆ ಕುದಿಯುತ್ತಿದೆ” ಎಂದು ಈಚೆಯ ಬಣ್ಣಗಾರ ಅವನ ಕೈಹಿಡಿದು ಒಳಗೆ ಕರೆದೊಯ್ದ.

ಆ ವರ್ಷ ಹೊಳೆಯ ಎರಡು ದಡದಲ್ಲೂ ಕೆಂಪು ಸೀರೆಗಳು ಒಣಗಿದವು. ಹುಡುಗಿ ಅವುಗಳ ನಡುವೆ ಹಾಡಿಕೊಳ್ಳುತ್ತ ಓಡಾಡಿದಳು.

“ಹಾಗಾದರೆ ಅವಳು ಕಾಪಾಡಿದ್ದು ಯಾವ ಗುಟ್ಟನ್ನು, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಅವಳನ್ನು ನಂಬಿ ಯಾರೂ ಬಚ್ಚಿಡದ ಗುಟ್ಟನ್ನು” ಎಂದರು ಗುರುಗಳು.