ಕೂರ್ಮಯ್ಯ ಮೇಷ್ಟ್ರು ತಿದ್ದದ ಪಾಠ

ಕೆರೆಯ ಆಮೆಗಳ ಶಾಲೆಯಲ್ಲಿ ಕೂರ್ಮಯ್ಯ ಮೇಷ್ಟ್ರು ಮುತ್ತಜ್ಜನ ಕಾಲದ ಪಾಠವನ್ನೇ ಹೇಳಿಕೊಡುತ್ತಿದ್ದರು: "ಅಪಾಯ ಬಂದರೆ ತಲೆ ಕಾಲು ಒಳಗೆಳೆದುಕೊಂಡು ಇದ್ದಲ್ಲೇ ಇರಿ. ಕಚ್ಚಿ ಕಚ್ಚಿ ಸಾಕಾಗಿ ನರಿ ತಾನೇ ಹೋಗುತ್ತದೆ."

ಒಂದು ದಿನ ಟಿಟ್ಟಿಭ ಹಕ್ಕಿ ಬಂದು ಹೇಳಿತು: "ಮೇಷ್ಟ್ರೇ, ಏರಿಯ ಮೇಲೆ ಡಾಂಬರು ರಸ್ತೆಯಾಗಿದೆ. ಲಾರಿ ಚಿಪ್ಪನ್ನೇ ಪುಡಿ ಮಾಡುತ್ತದೆ. ಅಲ್ಲಿ ನಿಲ್ಲದೆ ದಾಟಬೇಕು ಅಂತ ಮಕ್ಕಳಿಗೆ ಕಲಿಸಿ."

ಮಾತು ನಿಜವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಅವರೆಂದರು: "ಪಾಠ ತಿದ್ದುವ ಅಧಿಕಾರ ಹಿರಿಯರ ಸಭೆಯದು. ಅದು ಸೇರುವುದು ಹನ್ನೆರಡು ವರ್ಷಕ್ಕೊಮ್ಮೆ. ಇನ್ನೂ ಐದು ವರ್ಷ ಇದೆ."

"ಲಾರಿ ದಿನಾ ಬರುತ್ತದೆ" ಎಂದು ಹಕ್ಕಿ ಹಾರಿಹೋಯಿತು.

ಆ ವಾರವೇ ಮರಿಗಳು ರಸ್ತೆಯಾಚೆಯ ಮರಳುದಿಬ್ಬಕ್ಕೆ ಹೊರಟಾಗ ಲಾರಿ ಬಂತು. ಪಾಠ ತಲೆಗೆ ಹತ್ತದ ದಡ್ಡರು ಹೆದರಿ, ಬಿದ್ದು ಎದ್ದು ರಸ್ತೆ ದಾಟಿಕೊಂಡರು. ತರಗತಿಗೇ ಮೊದಲಿಗಳಾದ ಚೆಲುವಿ ಮಾತ್ರ ನಡುರಸ್ತೆಯಲ್ಲಿ ತಲೆ ಕಾಲು ಒಳಗೆಳೆದುಕೊಂಡು ಅಲ್ಲಾಡದೆ ಕೂತಳು. ಲಾರಿ ನಿಲ್ಲಲಿಲ್ಲ.

ಸಂಜೆ ಮೇಷ್ಟ್ರು ಚೆಲುವಿಯ ತಾಯಿಯ ಎದುರು ತಲೆ ತಗ್ಗಿಸಿ ನಿಂತರು, ಬೈದರೆ ಬೈಯಲಿ ಎಂದು. ಅವಳು ಬೈಯಲಿಲ್ಲ.

"ನೀವು ಹೇಳಿಕೊಟ್ಟದ್ದರಲ್ಲಿ ಅವಳು ಒಂದಿಷ್ಟೂ ತಪ್ಪಲಿಲ್ಲ, ಮೇಷ್ಟ್ರೇ" ಎಂದಳು.